ಮಾತಾಡದ ಕೆ

ಗ್ರಿಮ್ಸ್‌ಬಿಯ ಗಾಳಿಗೆ ಯಾವ ಕಾಲದಲ್ಲೂ ಮೀನಿನ ವಾಸನೆ.
ಬಂದರಿನಿಂದ ಎರಡು ಬೀದಿ ಈಚೆಗೆ ಶಾಲೆ.
ನಾನಲ್ಲಿ ಮಧ್ಯಾಹ್ನದ ಊಟ ಬಡಿಸುವವಳು:
ಬಟಾಣಿ, ಆಲೂಗಡ್ಡೆ, ಶುಕ್ರವಾರಕ್ಕೊಮ್ಮೆ ಕಸ್ಟರ್ಡು.
ನೀಲವ್ವ ಅನ್ನಲು ಬಾರದ ಬಾಯಿಗಳು
'ಮಿಸ್ ನೀಲ್' ಅಂದವು.
ಇರಲಿ ಬಿಡು, ಅವ್ವ ಮನೆಯಲ್ಲಿದ್ದರೆ ಸಾಕು ಅಂದುಕೊಂಡೆ.

ಜನವರಿಯಲ್ಲಿ ಮಿಸೆಸ್ ಹಾರ್ಗ್ರೀವ್ಸ್ ಕೇಳಿದರು:
ಪಾತ್ರೆ ತೊಳೆದಾದ ಮೇಲೆ, ಗುರುವಾರ, ಅರ್ಧ ಗಂಟೆ
ಒಂದು ಮಗುವಿನ ಓದು ಕೇಳುತ್ತೀರಾ?
ಕಲಿಸಬೇಡಿ. ತಿದ್ದಬೇಡಿ. ಬರೀ ಕೇಳಿ.
ಕೇಳುವುದಕ್ಕೆ ಸಂಬಳವಿಲ್ಲ ಅಂತಲೂ ಅಂದರು, ಮೆಲ್ಲಗೆ.

ಹುಡುಗ ಡೆಕ್ಲನ್. ಆರು ತುಂಬಿ ಏಳು.
ಪುಸ್ತಕ ಕಂಡ ಕೂಡಲೇ ಮೇಜಿನಡಿ ನುಗ್ಗಿದ.
ಮೊದಲ ವಾರ ಅವನ ಬೂಟಿನ ಲೇಸು ನೋಡುತ್ತ ಕೂತೆ.
ಎರಡನೆಯ ವಾರವೂ ಅದೇ ಲೇಸು.

ಮೂರನೆಯ ವಾರ, ಸುಮ್ಮನಿರಲಾರದೆ,
ನಾನೇ ಓದತೊಡಗಿದೆ. ಒಂದು ಏಡಿಯ ಕಥೆ,
ಚಿಪ್ಪು ಕಳಕೊಂಡು ಮನೆ ಹುಡುಕುವ ಏಡಿ.
ನಮ್ಮ ಕಡೆ, ಬರೆದದ್ದನ್ನೆಲ್ಲ ಓದಿ ಮುಗಿಸುವುದು ರೂಢಿ,
ಎಲೆಯಲ್ಲಿ ಅಗುಳು ಬಿಟ್ಟೇಳದ ಹಾಗೆ.
'ಕ್‌ನೈಫ್' ಅಂದೆ. 'ಕ್‌ನೀ' ಅಂದೆ.
ಮೇಜಿನಡಿ ಕಿಸಕ್ಕನೆ ಒಂದು ನಗು.
'ನೈಫ್, ಮಿಸ್. ಕೆ ಮಾತಾಡಲ್ಲ.'
'ಮಾತಾಡದಿದ್ದ ಮೇಲೆ ಯಾಕೆ ಬಂದು ಕೂತಿದೆ?'
ತುಂಬ ಹೊತ್ತು ಯೋಚಿಸಿದ.
'ಅದರ ಜಾಗ ಅದೇ, ಮಿಸ್.'

ಆಮೇಲೆ ನಾವಿಬ್ಬರೂ
ಮೂಕ ಅಕ್ಷರ ಹಿಡಿಯುವ ಪೊಲೀಸರು.
ಕುರಿಮರಿಯ ಬಾಲಕ್ಕಂಟಿದ ಬಿ,
ರಾತ್ರಿಯ ಹೊಟ್ಟೆಯಲ್ಲಿ ಜೋಡಿಯಾಗಿ ಮಲಗಿದ ಜಿ ಮತ್ತು ಎಚ್,
ಹಡಗು ತಪ್ಪಿ ದ್ವೀಪದಲ್ಲೇ ಉಳಿದುಹೋದ ಎಸ್.
ಹಿಡಿಯಬೇಕಾದರೆ ಓದಬೇಕಲ್ಲ. ಓದಿದ.
ಬೆರಳಿಟ್ಟು, ತಡವರಿಸಿ, ಒಂದೇ ಸಾಲಿನಲ್ಲಿ ಎರಡು ಸಲ ದಾರಿ ತಪ್ಪಿ,
ಪಿಸುಮಾತಿನಲ್ಲಿ.
'ಸ್ವಲ್ಪ ಗಟ್ಟಿಯಾಗಿ' ಅಂದೆ.
'ಅಪ್ಪ ಮಲಗಿರ್ತಾನೆ' ಅಂದ.
ಮನೆಯಲ್ಲಿ, ಹಗಲಿಡೀ. ರಾತ್ರಿಯೆಲ್ಲ ಮೀನು ಸೀಳುವ ಅಪ್ಪ.
'ಇಲ್ಲಿಲ್ಲವಲ್ಲ' ಅಂದೆ.
ಅವನು ಬಾಗಿಲಿನ ಕಡೆ ನೋಡಿದ, ಖಚಿತ ಮಾಡಿಕೊಳ್ಳುವಂತೆ.

ಏಡಿಗೆ ಮನೆ ಸಿಗುತ್ತದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ.
ಗಂಟೆ ಬಾರಿಸಿತು. ಅವನು ಏಳಲಿಲ್ಲ.

ಮಾರ್ಚಿನಲ್ಲೊಂದು ದಿನ:
'ನಿನ್ನ ಭಾಷೆಯಲ್ಲಿ ನನ್ನ ಹೆಸರು ಬರಿ.'
ಊಟದ ಪಟ್ಟಿಯ ಬೆನ್ನಿಗೆ ಬರೆದೆ. ಡೆಕ್ಲನ್.
ತಲೆಕೆಳಗು ಮಾಡಿ ನೋಡಿದ, ಮೂಸಿಯೂ ನೋಡಿದ,
ಲಕಾರದ ಒತ್ತಿನ ಮೇಲೆ ಬೆರಳಿಟ್ಟ.
'ಇದ್ಯಾಕೆ ಕೆಳಗಿದೆ? ಇದೂ ಮಾತಾಡಲ್ವಾ?'
'ಅದು ಒತ್ತಕ್ಷರ. ಕೆಳಗೆ ಕೂತೇ ಮಾತಾಡುತ್ತದೆ.
ಅದು ಬಾಯಿ ಮುಚ್ಚಿದರೆ ನೀನು ಬರೀ ಡೆಕನ್.'
ಡೆಕನ್, ಡೆಕನ್ ಎಂದು ಹೊಟ್ಟೆ ಹಿಡಿದು ನಕ್ಕ.
ನಕ್ಕು ಸಾಕಾಗಿ, ಸಾಲ ತೀರಿಸುವವನಂತೆ ಹೇಳಿದ:
'ನಿನ್ನ ಹೆಸರಿನ ಮುಂದೆ ಒಂದು ಕೆ ಇಟ್ಟರೆ
ಮಂಡಿಯೂರು ಅಂತ ಅರ್ಥ, ಮಿಸ್ ನೀಲ್.'

ಈ ಗುರುವಾರ ಹೋದಾಗ ಕುರ್ಚಿ ಖಾಲಿ.
ಮೇಜಿನಡಿಯಿಂದ ದನಿ, ಬಾಗಿಲಾಚೆಗೂ ಕೇಳುವಷ್ಟು.
ಹೊಸ ಪುಸ್ತಕ, ತಿಮಿಂಗಿಲದ್ದು.
ಪಕ್ಕದಲ್ಲಿ ಚಿಕ್ಕ ತರಗತಿಯ ಒಂದು ಹುಡುಗಿ,
ಹೆಬ್ಬೆರಳು ಬಾಯಲ್ಲಿ, ಕಣ್ಣು ಚಿತ್ರದಲ್ಲಿ.
'ಮಿಸ್, ಬಾ. ಜಾಗ ಇದೆ.'

ಐವತ್ತೆಂಟರ ನಾನು ಏಪ್ರನ್ ಎತ್ತಿ ಸಿಕ್ಕಿಸಿ
ಮಂಡಿಯೂರಿದೆ.
ಎರಡೂ ಮೊಣಕಾಲು ಲಟಕ್ಕೆಂದವು.
ಡೆಕ್ಲನ್ ಓದು ನಿಲ್ಲಿಸಿ, ಆ ಹುಡುಗಿಗೆ,
ಗಂಭೀರವಾಗಿ:
'ಕೇಳಿಸ್ತಾ? ಅದು ಕೆ.'