ಬೆರಳಿಗಿಷ್ಟು

ಝೊಂಗುಲ್ಡಾಕಿನ ಏರುಬೀದಿ, ಔಷಧಿ ಅಂಗಡಿಯ ಮೇಲಿನ ಮಹಡಿ.
ನನ್ನದೊಂದು ಲೇಸರ್ ಯಂತ್ರ, ಎರಡು ಕುರ್ಚಿ,
ಕಂತು ಇನ್ನೂ ಬಾಕಿ.
ಕಾಲು ನೋಡುವುದೇ ಕೆಲಸ; ಮುಖ ಆಮೇಲೆ.

ಸತಿಲ್ಮಿಶ್ ಅಮ್ಜಾ ಬಂದದ್ದು ಫೆಬ್ರವರಿಯ ಕೆಸರಲ್ಲಿ.
ಕಾಲುಚೀಲ ಕಳಚಲು ಅದೆಷ್ಟು ಹೊತ್ತು!
ಗೋಡೆಯ ಪಟ ನೋಡಿದರು, ಬೆಲೆಪಟ್ಟಿ ಓದಿದರು,
"ಬೆರಳಿಗಿಷ್ಟೋ, ಕಾಲಿಗಿಷ್ಟೋ?"
ಬೆರಳಿಗೆ ಎಂದೆ.
"ಹಾಗಾದರೆ ಒಂದು. ಬಲದ ಹೆಬ್ಬೆರಳು. ನೋಡೋಣ."

ಹಳದಿಯಲ್ಲ ಅದು, ಹಳೆಯ ಸಾಬೂನಿನ ಬಣ್ಣ;
ದಪ್ಪ, ತುದಿಯಲ್ಲಿ ಹಿಟ್ಟಿನಂತೆ ಉದುರುವಂಥದು.
ಇಪ್ಪತ್ತಾರು ವರ್ಷ ರಬ್ಬರು ಬೂಟು, ಬೂಟಿನೊಳಗೆ ಗಣಿಯ ನೀರು.
ಕಲ್ಲಿದ್ದಲ ಕಪ್ಪು ತೊಳೆದು ಹೋಯಿತು, ಬೂಷ್ಟು ಹೋಗಲಿಲ್ಲ.
ಮಸೀದಿಯ ನಲ್ಲಿಸಾಲಿನಲ್ಲಿ ಎಲ್ಲರೂ ಎದ್ದ ಮೇಲೆ
ಕೂತು ಕಾಲು ತೊಳೆಯುತ್ತಿದ್ದರಂತೆ.
ಇದನ್ನು ಹೇಳಿದ್ದು ಅವರಲ್ಲ, ಹೆಂಡತಿ ಹವ್ವಾ,
ಮೆಟ್ಟಿಲಲ್ಲಿ, ದನಿ ತಗ್ಗಿಸಿ.

ಅರದಿಂದ ಉಜ್ಜಿ ತೆಳುವಾಗಿಸಿದೆ. ಧೂಳೆದ್ದಿತು.
ಹಳೇ ರೂಢಿ, ಉಸಿರು ಹಿಡಿದರು.
ಹಸಿರು ಕನ್ನಡಕ ಕೊಟ್ಟೆ. ನಕ್ಕುಬಿಟ್ಟರು:
"ಅಷ್ಟು ಕತ್ತಲಿಗೆ ಯಾರೂ ಏನೂ ಕೊಡಲಿಲ್ಲ,
ಸಾಸಿವೆಯಷ್ಟು ಬೆಳಕಿಗೆ ಇಷ್ಟು ಜೋಪಾನವೇ ಮಗಳೇ!"

ಟಿಕ್. ಟಿಕ್. ಕೆಂಪು ಚುಕ್ಕಿ ಉಗುರ ಮೇಲೆ
ಇಸ್ತ್ರಿ ಹಾಕಿದಂತೆ ಆ ಅಂಚಿಂದ ಈ ಅಂಚಿಗೆ.
ಸುಟ್ಟರೆ ಹೇಳಿ ಅಂದೆ. ಹೇಳಲಿಲ್ಲ.
ಕಾಲು ತಾನಾಗಿ ಹಿಂದೆ ಸರಿಯಿತು;
ಅವರು ಕಾಲನ್ನೇ ಬೈದರು.

"ಹೋಗುತ್ತಾ?"
ಈ ಪ್ರಶ್ನೆಗೆ ಯಂತ್ರ ಮಾರಿದವನ ಬಳಿ ಒಂದು ಉತ್ತರವಿದೆ,
ನನ್ನ ಬಳಿ ಇನ್ನೊಂದು.
ಕೆಲವರದು ಹೋಗುತ್ತೆ. ಕೆಲವರದು ಹೋಗಿ ಬರುತ್ತೆ.
ಬೆಳಕು ಉಗುರನ್ನು ಬೆಳೆಸುವುದಿಲ್ಲ,
ಅದು ತನ್ನ ಪಾಡಿಗೆ, ತಿಂಗಳಿಗೆ ಎಳ್ಳಿನಷ್ಟು.

ಏಪ್ರಿಲ್‌ನಲ್ಲಿ ಬುಡದಲ್ಲೊಂದು ಗೆರೆ,
ಈರುಳ್ಳಿಯ ಒಳಪೊರೆಯಷ್ಟು ತಿಳಿ.
ಹವ್ವಾ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.
ಮುಂದಿನ ಸರದಿಗೆ ಇಬ್ಬರೂ ಬರಲಿಲ್ಲ.

ಜುಲೈಯಲ್ಲಿ, ಕಾಪುಜ್ ಕಡಲತೀರದಲ್ಲಿ ಸಿಕ್ಕರು.
ಪ್ಯಾಂಟು ಮೊಣಕಾಲಿಗೆ ಮಡಚಿ,
ಎಡಗಾಲು ಮರಳಲ್ಲಿ ಹೂತು,
ಬಲಗಾಲು ಬಿಸಿಲಿಗೆ ಚಾಚಿ.
ಮುಖ ನಾನು ನೋಡಲೇ ಇಲ್ಲ, ಹೆಬ್ಬೆರಳಿನಿಂದಲೇ ಗುರುತು:
ತಿಳಿಗೆರೆ ಇನ್ನೂ ಅರ್ಧ ದಾಟಿರಲಿಲ್ಲ.

ಆ ಕಾಲು? ಎಂದು ಮರಳಿನ ಕಡೆ ಕೈ ತೋರಿದೆ.
"ಅದು ರಾತ್ರಿಪಾಳಿ," ಅಂದರು,
"ಇನ್ನೂ ಮೇಲೆ ಬಂದಿಲ್ಲ."