ಎರಡನೆಯವನ ಲೆಕ್ಕ

ಸುಲ್ತಾನ್‌ಪೇಟೆಯ ಬುಡದಿಂದ ನಂದಿಯ ನೆತ್ತಿಗೆ
ಸಾವಿರದ ನೂರ ಎಪ್ಪತ್ತೈದು ಮೆಟ್ಟಿಲು ಅಂತಾರೆ.
ನನ್ನ ಲೆಕ್ಕದಲ್ಲಿ ಅಷ್ಟಿಲ್ಲ.
ಗಂಗುಲಪ್ಪ ಎಲ್ಲವನ್ನೂ ಮುಟ್ಟುತ್ತಿರಲಿಲ್ಲ,
ಅವನ ಹಿಂದೆ ಓಡಿದ ನಾನೂ.

ಮೂರು ವರ್ಷ ಅವನೇ ಮೊದಲು.
ಮೂರು ವರ್ಷವೂ ನಾನು ಕಂಡದ್ದು
ಅವನ ಹಿಮ್ಮಡಿಯ ಬಿರುಕು,
ಮೀನಖಂಡದ ಮೇಲೊಂದು ಸುಟ್ಟ ಗುರುತು,
ರೇಷ್ಮೆಗೂಡು ಬೇಯಿಸುವ ಒಲೆ ಎಳವೆಯಲ್ಲಿ ಕೊಟ್ಟದ್ದು.
ಮೇಲೆ ಬಂಗಲೆಯ ದೊರೆ ಕುರ್ಚಿ ಹಾಕಿಸಿ ಕೂತು
ಅಂಗೈಯಲ್ಲಿ ಗಡಿಯಾರ ಹಿಡಿದಿರುತ್ತಿದ್ದ.

ಆಮೇಲೆ ಯುದ್ಧ ಬಂತು.
ಶಿಡ್ಲಘಟ್ಟದ ನೂಲು ಪ್ಯಾರಾಚೂಟಿಗೆ ಹೋಯಿತು.
ಲಕ್ಷ್ಮೀಪತಯ್ಯ ಮೇಷ್ಟ್ರು ಶಾಲೆ ಬಿಟ್ಟು
ಬೆಟ್ಟದ ಗವಿಯಲ್ಲಿ ಕಲ್ಲಚ್ಚು ಇಟ್ಟರು.
ಕರಪತ್ರ ಹೊರಲು ಕಾಲಿರುವವರು ಬೇಕು;
ನಾವಿಬ್ಬರು ಇದ್ದೆವು.
ಅವನು ದೊಡ್ಡಬಳ್ಳಾಪುರದ ಕಡೆ, ನಾನು ಚಿಂತಾಮಣಿ ಕಡೆ.
ಮೇಷ್ಟ್ರು ಅವನ ತಟ್ಟೆಗೆ ಎರಡು ಮುದ್ದೆ ಇಡುತ್ತಿದ್ದರು,
ನನಗೆ ಒಂದು.

ಆ ರಾತ್ರಿ ಚಂದ್ರನಿಲ್ಲ.
ಅರ್ಧ ಬೆಟ್ಟದಲ್ಲಿ, ಬಂಡೆಯ ಮರೆಯಲ್ಲಿ
ಕಾಲಿನ ಮುಳ್ಳು ಕೀಳುತ್ತ ಕೂತಿದ್ದೆ.
ಯಾರೋ ಹತ್ತಿ ಬಂದರು.
ಮುಖ ಕಾಣಲಿಲ್ಲ. ಬೇಕಿರಲಿಲ್ಲ.
ಉಸಿರು ಗೊತ್ತು ನನಗೆ:
ಮೂರು ಹೆಜ್ಜೆಗೆ ಒಳಗೆ, ಎರಡಕ್ಕೆ ಹೊರಗೆ,
ತಿರುವಿನಲ್ಲಿ ಒಂದು ಕೆಮ್ಮು.
ಕಟ್ಟಿಕೊಂಡವಳ ಉಸಿರೂ ಅಷ್ಟು ಗೊತ್ತಾಗಲಿಲ್ಲ
ಇವತ್ತಿಗೂ.

ಆ ಹೊತ್ತಿನಲ್ಲಿ ಮೇಲೆ
ಬಂಗಲೆಯ ದೀಪ ಬಿಟ್ಟರೆ ಇನ್ನೇನಿತ್ತು?
ಕೂಗಬಹುದಿತ್ತು.
ಗವಿಗೆ ಓಡಬಹುದಿತ್ತು, ಅದೂ ಇಳಿಜಾರು.
ನಾನು ಎಣಿಸುತ್ತ ಕೂತೆ.
ಇವತ್ತು ನಿಧಾನ, ಅಂದುಕೊಂಡೆ.
ಇವತ್ತು ಓಡಿದರೆ ಇವನನ್ನು ಹಿಂದೆ ಹಾಕಬಹುದು.
ದೇವರಾಣೆ, ಮೊದಲು ಬಂದ ಯೋಚನೆ ಅದೇ.

ಬೆಳಗಾಗುವಷ್ಟರಲ್ಲಿ ಗವಿ ಖಾಲಿ.
ಒಡೆದ ಕಲ್ಲು, ಚೆಲ್ಲಿದ ಶಾಯಿ,
ಮೇಷ್ಟ್ರ ಒಂದು ಚಪ್ಪಲಿ.
ಎರಡು ವರ್ಷಕ್ಕೆ ಜೈಲಿನಿಂದ ಬಂದರು, ಮುಂದಿನ ಹಲ್ಲಿಲ್ಲದೆ.
ಯಾರ ಹೆಸರನ್ನೂ ಕೇಳಲಿಲ್ಲ.
ಗಂಗುಲಪ್ಪನಿಗೆ ಬಂಗಲೆಯ ಕಾವಲು ಕೆಲಸ ಸಿಕ್ಕಿತು;
ದೊರೆ ಹೋದ, ಬಾವುಟ ಬದಲಾಯಿತು,
ಕೆಲಸ ಉಳಿಯಿತು.

ಮೊನ್ನೆ ಸಿಕ್ಕಿದ, ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ.
ಇಬ್ಬರದೂ ಮಂಡಿಯದೇ ದೂರು.
ಚೀಟಿಯ ನಂಬರಿನಲ್ಲೂ ಅವನು ನನಗಿಂತ ಒಂದು ಮುಂದೆ.
ಬೆಂಚಿನ ಮೇಲೆ ಪಕ್ಕ ಕೂತು ಕೇಳಿಯೇಬಿಟ್ಟೆ,
'ಆ ರಾತ್ರಿ ಹತ್ತೋಕೆ ಎಷ್ಟು ಹೊತ್ತು ಹಿಡೀತು?'

ಯಾವ ರಾತ್ರಿ ಅನ್ನಲಿಲ್ಲ.
ಮಂಡಿ ನೀವಿಕೊಂಡ. ಮೂರಕ್ಕೆ ಒಳಗೆ, ಎರಡಕ್ಕೆ ಹೊರಗೆ.
'ಗಡಿಯಾರ ಹಿಡಿಯೋರು ಯಾರೂ ಇರಲಿಲ್ಲ ಕಣೋ.'

ಇದ್ದರು, ಅನ್ನಲಿಲ್ಲ ನಾನು.
ಒಳಗಿಂದ ಕೂಗಿದರು,
ಮೊದಲು ಅವನ ಹೆಸರು.