ಏಳು

ಏಳು ದಿನ ಮೇಲೆ, ಏಳು ದಿನ ಕೆಳಗೆ.
ಆಂಟೊಫಗಾಸ್ತದ ಕಡಲ ದಂಡೆಯಿಂದ ನಸುಕಿಗೇ ಹೊರಟ ಬಸ್ಸು
ಮೂರು ಸಾವಿರ ಮೀಟರು ಏರಿ ನಮ್ಮನ್ನು ಸುರಿಯುತ್ತದೆ
ತಾಮ್ರದ ಗಣಿಯ ಬಾಯಿಗೆ.
ಮುನ್ನೂರು ಟನ್ನಿನ ಲಾರಿ ನನ್ನದು. ಗಾಲಿಯ ಪಕ್ಕ ನಿಂತರೆ
ನನ್ನ ನೆತ್ತಿ ಅದರ ಅರ್ಧಕ್ಕೂ ಬಾರದು.
ಕೆಳಗೆ ನಾನು ಯಾಸ್ನಾ ಕಾರ್ವಹಾಲ್,
ಮೆಟ್ಟಿಲು ಹತ್ತಿ ಕೂತೆನೋ, ಬರೀ ನಲವತ್ತೊಂದು.

ಹನ್ನೆರಡು ತಾಸು. ಇಳಿ, ತುಂಬು, ಹತ್ತು, ಸುರಿ.
ಎದುರಿಗೆ ಹೆಬ್ಬೆರಳ ಗಾತ್ರದ ಕ್ಯಾಮೆರಾ
ನನ್ನ ರೆಪ್ಪೆಗಳನ್ನೇ ನೋಡುತ್ತಿರುತ್ತದೆ.
ಮದುವೆಯಾದ ಹೊಸದರಲ್ಲಿ ನಿಬಾಲ್ದೋ ಕೂಡ
ಇಷ್ಟು ಹೊತ್ತು ಎವೆಯಿಕ್ಕದೆ ನೋಡಿದವನಲ್ಲ.
ರೆಪ್ಪೆ ಎರಡು ಸೆಕೆಂಡು ಕೂಡಿಕೊಂಡರೆ
ಸೀಟು ನಡುಗುತ್ತದೆ, ಕಿವಿಯಲ್ಲಿ ಗಂಟೆ,
ಏಳು, ಏಳು.
ರೇಡಿಯೊದಲ್ಲಿ ಯಾರೋ ಹುಡುಗ:
ನಲವತ್ತೊಂದು, ದಣಿದಿದ್ದೀರಾ?
ಇಲ್ಲ, ಧೂಳು ಎನ್ನುತ್ತೇನೆ.
ಆರು ವರ್ಷದಿಂದ ಅದೇ ಧೂಳು.

ಮನೆಯಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.
ಅವರ ಲೆಕ್ಕದಲ್ಲಿ ನಾನು ರಜೆಯ ಮೇಲೆ ಬಂದವಳು.

ಮೊದಲ ದಿನವನ್ನು ನಿದ್ದೆ ತಿಂದುಹಾಕುತ್ತದೆ.
ಎರಡನೆಯ ದಿನ ಉಪ್ಪಿನ ಡಬ್ಬಿ ಸಿಗುವುದಿಲ್ಲ.
ಅಡುಗೆಮನೆಯನ್ನು ಅವನು ತನ್ನ ಕೈಯಳತೆಗೆ ಹೊಂದಿಸಿಕೊಂಡಿದ್ದಾನೆ.
ತಪ್ಪೇನಿಲ್ಲ. ಕ್ಷೌರದಂಗಡಿಯನ್ನು ಅರ್ಧ ದಿನಕ್ಕೆ ಇಳಿಸಿದವನು,
ಗಂಡಸರ ತಲೆ ಬೋಳಿಸುತ್ತಿದ್ದ ಕೈಗೆ
ಮಗಳ ಜಡೆ ಹೆಣೆಯಲು ಕಲಿಸಿದವನು.
ನಾನು ಹಾಕಿದ ಜಡೆ ಬಿಗಿಯಾಯಿತಂತೆ.
ಅಪ್ಪ ಹೀಗೆ ಎಳೆಯೋದಿಲ್ಲ.
ಮೂರನೆಯ ದಿನ ಜಗಳ, ಯಾವುದಕ್ಕೋ; ಒದ್ದೆ ಟವೆಲ್ಲಿಗಿರಬೇಕು.
ನಾಲ್ಕು, ಐದು ಚೆನ್ನಾಗಿರುತ್ತವೆ. ಕಡಲಿಗೆ ಹೋಗುತ್ತೇವೆ,
ಎಂಪನಾದ ತಿನ್ನುತ್ತೇವೆ, ಮೂವರ ಹಲ್ಲಿನಡಿಯಲ್ಲೂ
ಒಂದೇ ಮರಳು ಕರಕರ.
ಆರನೆಯ ದಿನ ನನ್ನ ಚೀಲ ಬಾಗಿಲ ಬಳಿ ಬಂದು ಕೂತಿರುತ್ತದೆ,
ಯಾರು ತಂದಿಟ್ಟರೋ.
ಏಳನೆಯದು ನನಗೆ ಯಾವತ್ತೂ ನೆನಪಿರುವುದಿಲ್ಲ.

ಗಣಿಗೆ ಒಬ್ಬಳು ಮನಶ್ಶಾಸ್ತ್ರಜ್ಞೆ ಬಂದಿದ್ದಳು, ಹೊಸ ಬೂಟಿನ ಹುಡುಗಿ,
ಕೈಗೆ ಹಾಳೆ ಕೊಟ್ಟಳು: ಕೆಲಸಕ್ಕೂ ಕುಟುಂಬಕ್ಕೂ ನಡುವಿನ
ನಿಮ್ಮ ಸಮತೋಲಕ್ಕೆ ಒಂದರಿಂದ ಐದರೊಳಗೆ ಅಂಕ ಕೊಡಿ.
ಐದು ಕೊಟ್ಟರೆ ನಂಬುವುದಿಲ್ಲ,
ಒಂದು ಕೊಟ್ಟರೆ ಲಾರಿಯಿಂದ ಇಳಿಸುತ್ತಾರೆ.
ಮೂರು ಬರೆದೆ. ಊಟದ ಹೊತ್ತಿಗೆ ಗೊತ್ತಾಯಿತು,
ಎಲ್ಲರೂ ಬರೆದದ್ದು ಮೂರೇ.
ನಾನು ಬಲ್ಲ ಸಮತೋಲ ಬೇರೆ:
ಇಳಿಜಾರಿನಲ್ಲಿ ಕಲ್ಲಿನ ಹೊರೆ ಒಂದು ಮಗ್ಗುಲಿಗೆ ವಾಲಿದರೆ
ಮೊದಲು ಬೆನ್ನಿಗೆ ತಿಳಿಯುತ್ತದೆ, ಮೀಟರಿನ ಮುಳ್ಳಿಗೆ ಆಮೇಲೆ.
ಆ ಹಾಳೆಯಲ್ಲಿ ಬೆನ್ನಿಗೆ ಜಾಗವಿರಲಿಲ್ಲ.

ಇದನ್ನೂ ಹೇಳಿಬಿಡುತ್ತೇನೆ: ನನಗೆ ಈ ಲಾರಿ ಇಷ್ಟ.
ಬೆಳಗಿನ ಜಾವ ಗಣಿಯ ಅಂಚಿಗೆ ಬಿಸಿಲು ಮುಟ್ಟುವಾಗ
ಅಷ್ಟು ಎತ್ತರದಲ್ಲಿ, ಅಷ್ಟು ಭಾರದ ಮೇಲೆ,
ನಾನೊಬ್ಬಳೇ. ಮಗಳು ನೆನಪಾಗುವುದಿಲ್ಲ.
ಆಮೇಲೆ ನೆನಪಾಗುತ್ತಾಳೆ, ನೆನಪಾಗಲಿಲ್ಲವಲ್ಲ ಎಂಬುದೂ.

ಕಳೆದ ಸೋಮವಾರ ಸಂಜೆ, ಪಾಳಿಗೆ ಮುಂಚೆ,
ಮೈತೆ ಫೋನಿನಲ್ಲಿ ಬಾಯಗಲಿಸಿ ತೋರಿಸಿದಳು.
ನೆಟ್‌ವರ್ಕು ಅವಳ ಮುಖವನ್ನು ಚೌಕ ಚೌಕವಾಗಿ ಒಡೆಯುತ್ತಿತ್ತು,
ಯಾವ ಕಿಂಡಿ ಹಲ್ಲಿನದು, ಯಾವುದು ಫೋನಿನದು ತಿಳಿಯಲಿಲ್ಲ.
ನಮ್ಮಲ್ಲಿ ಬಿದ್ದ ಹಲ್ಲನ್ನು ದಿಂಬಿನಡಿ ಇಟ್ಟರೆ
ರಾತ್ರಿ ಇಲಿ ಬಂದು ಒಯ್ಯುತ್ತದೆ, ನಾಣ್ಯ ಇಟ್ಟುಹೋಗುತ್ತದೆ.
ಏನಿಟ್ಟಿತು ನಿನ್ನ ಇಲಿ?
ದಿಂಬಿನಡಿ ಇಟ್ಟೇ ಇಲ್ಲಮ್ಮ, ಬೆಂಕಿಪೊಟ್ಟಣದಲ್ಲಿದೆ.
ಅಮ್ಮನ ಪಾಳಿ ಮುಗಿಯೋವರೆಗೂ ತಡಿ ಅಂತ ಹೇಳಿದೀನಿ.
ಅದಕ್ಕೂ ಪಾಳಿ ಇರುತ್ತಾ?
ಇರುತ್ತೆ, ಎಂದೆ. ಬರೀ ರಾತ್ರಿಪಾಳಿ.

ಆ ರಾತ್ರಿ ಎರಡೂವರೆಗೆ ಸೀಟು ನಡುಗಿತು.
ನಾನು ಕಣ್ಣು ಮುಚ್ಚಿರಲಿಲ್ಲ, ಆಣೆಗೂ.
ಒದ್ದೆ ಕಣ್ಣು ಆ ಕ್ಯಾಮೆರಾಗೆ ಮುಚ್ಚಿದ ಹಾಗೇ ಕಾಣುತ್ತದಂತೆ.
ನಲವತ್ತೊಂದು, ದಣಿದಿದ್ದೀರಾ?
ಹೌದು, ಎಂದೆ.
ರೇಡಿಯೊ ಸುಮ್ಮನಾಯಿತು. ಪಾಪ, ಹುಡುಗನಿಗೆ
ಈ ಉತ್ತರಕ್ಕೆ ಮುಂದೇನೆಂದು ಯಾರೂ ಹೇಳಿಕೊಟ್ಟಿರಲಿಲ್ಲ.
ಆಮೇಲೆ ಮೆಲ್ಲಗೆ: ಹಾಗಾದರೆ ಬದಿಗೆ ನಿಲ್ಲಿಸಿ, ಅಕ್ಕ.

ನಿಲ್ಲಿಸಿದೆ. ಹತ್ತು ನಿಮಿಷ.
ಉಳಿದ ಲಾರಿಗಳು ದೀಪ ಬೀಸುತ್ತ ಹಾದುಹೋದವು.
ಜೇಬಿನಲ್ಲಿ ತಡಕಿದೆ: ನೂರು ಪೆಸೊದ ಒಂದು ನಾಣ್ಯ.
ಸಾಲದು. ಈಗಿನ ಇಲಿಗೆ ಐನೂರಾದರೂ ಬೇಕು.